ಓದಿ ಹೇಳಿದ್ರೇನು? ಮಾತು ದಾಖಲೆಯಾದ ಐವತ್ತು ವರ್ಷಗಳ ಕಥೆ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಹಿಂಜವಡಿಯ ಒಂದು ಕಂಪನಿಯಲ್ಲಿ ನಾನು ದಾಖಲೆ ಬರೆಯುವವನು. ಇಂಜಿನಿಯರುಗಳು ಇವತ್ತು ಮಾಡಿದ್ದು ನಾಳೆ ಬರುವವರಿಗೆ ತಿಳಿಯುವಂತೆ ಬರೆದಿಡುವುದು ನನ್ನ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ 'ಕಂಪ್ಯೂಟರ್ ಕೆಲಸ' ಅಂದುಬಿಡುತ್ತೇನೆ. ಅಪ್ಪ ಮಾತ್ರ "ನಮ್ಮ ಹುಡುಗ ಅಲ್ಲಿ ಕುಲಕರ್ಣಿಕಿ ಮಾಡ್ತಾನ" ಎಂದು ನಗುತ್ತಾರೆ. ಯೋಚಿಸಿ ನೋಡಿದರೆ ಅದೇ ಸರಿಯಾದ ಉತ್ತರ.

ನನ್ನಂಥವರ ದಿನವೆಲ್ಲ ಎರಡು ಕಿಟಕಿಗಳ ನಡುವೆ ಕಳೆಯುತ್ತದೆ. ಒಂದು, ತಂಡದವರೆಲ್ಲ ಮಾತಾಡುವ ಚಾಟ್. ಇನ್ನೊಂದು, ಮಾತು ಮುಗಿದ ಮೇಲೆ ಉಳಿಯಬೇಕಾದದ್ದನ್ನು ಬರೆದಿಡುವ ದಾಖಲೆಗಳ ಜಾಗ. ಚಾಟಿನಲ್ಲಿ ದಿನಕ್ಕೆ ಐನೂರು ಸಂದೇಶ ಬಂದರೆ ಉಳಿಸಿಕೊಳ್ಳಬೇಕಾದವು ನಾಲ್ಕೋ ಐದೋ. ಆ ನಾಲ್ಕನ್ನು ಕೈಯಾರೆ ಹೆಕ್ಕಿ, ನಕಲು ಮಾಡಿ, ಆಚೆ ಅಂಟಿಸಿ ಬೇಸತ್ತು, ಮೂರು ವರ್ಷದ ಹಿಂದೆ ಒಂದು ಸಣ್ಣ ಬಾಟ್ ಕಟ್ಟಿದೆ. ಯಾವುದಾದರೂ ಸಂದೇಶಕ್ಕೆ ಯಾರಾದರೂ ಪಿನ್ನಿನ ಗುರುತು ಒತ್ತಿದರೆ ಸಾಕು. ಅದು ಹೇಳಿದವರ ಹೆಸರು, ತಾರೀಖಿನೊಂದಿಗೆ ತಾನಾಗಿ 'ನಿರ್ಣಯಗಳು' ಎಂಬ ಪುಟಕ್ಕೆ ಹೋಗಿ ಕೂರುತ್ತಿತ್ತು. ತಂಡದವರು ಖುಷಿಪಟ್ಟರು. ನಾನೂ ಬೀಗಿದೆ.

ನಮ್ಮದು ಕಾರ್ಖಾನೆಗಳ ಹಾಜರಿಯಿಂದ ಸಂಬಳದ ಲೆಕ್ಕ ತೆಗೆಯುವ ಸಾಫ್ಟ್‌ವೇರ್. ಒಂದು ದಿನ ಹಿರಿಯ ಸಹೋದ್ಯೋಗಿಯೊಬ್ಬರು ಚಾಟಿನಲ್ಲಿ ಬರೆದರು: ರಾತ್ರಿ ಪಾಳಿಯ ಓವರ್‌ಟೈಮನ್ನು ಹಳೆಯ ರೀತಿಯಲ್ಲಿ ಲೆಕ್ಕ ಹಾಕುವ ಪ್ರೋಗ್ರಾಮು ಇನ್ನು ಬೇಕಿಲ್ಲ, ಮುಂದಿನ ತಿಂಗಳಿಂದ ನಿಲ್ಲಿಸಬಹುದು. ಮೂರು ಜನ ಹೆಬ್ಬೆರಳು ತೋರಿಸಿದರು. ನಾನು ಪಿನ್ ಒತ್ತಿದೆ. ಬಾಟ್ ಅದನ್ನು ದಾಖಲೆಗೆ ಒಯ್ದಿತು. ಇಪ್ಪತ್ತು ನಿಮಿಷ ಕಳೆದ ಮೇಲೆ ಆ ಹಿರಿಯರು ತಮ್ಮದೇ ಸಂದೇಶವನ್ನು ತಿದ್ದಿ, ಚಾಕಣದ ಒಬ್ಬ ಗುತ್ತಿಗೆದಾರರು ಇನ್ನೂ ಹಳೆಯ ರೀತಿಯಲ್ಲೇ ಇದ್ದಾರೆ, ಅವರದನ್ನು ಮುಟ್ಟಬೇಡಿ ಎಂದು ಸೇರಿಸಿದರು. ಚಾಟಿನಲ್ಲಿ ಸಂದೇಶ ಸರಿಯಾಯಿತು. ದಾಖಲೆಯಲ್ಲಿ ಹಳೆಯದೇ ಉಳಿಯಿತು.

ಆರು ವಾರದ ನಂತರ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ನಾವೇ ಹೇಳಿಕೊಟ್ಟಿದ್ದೆವು: "ಯಾರನ್ನೂ ಕೇಳಬೇಕಿಲ್ಲ, ದಾಖಲೆ ನೋಡು." ಅವಳು ನೋಡಿದಳು. ಬರೆದಿದ್ದಂತೆ ಮಾಡಿದಳು. ಆ ತಿಂಗಳು ಆ ಗುತ್ತಿಗೆದಾರರ ಕೈಕೆಳಗೆ ರಾತ್ರಿ ಪಾಳಿ ಮಾಡಿದವರ ಓವರ್‌ಟೈಮ್ ಹಣ ಸಂಬಳದಲ್ಲಿ ಬರಲಿಲ್ಲ. ಸರಿಪಡಿಸಿ ಕೊಡುವಷ್ಟರಲ್ಲಿ ಒಂಬತ್ತು ದಿನ ತಡವಾಯಿತು. ದೂರಿನ ಫೋನುಗಳಲ್ಲಿ ಒಂದೆರಡನ್ನು ನಾನೂ ತೆಗೆದುಕೊಂಡೆ. ನನ್ನ ಹಿಂದಿಯ ಧಾಟಿ ಕೇಳಿಯೇ ಗುರುತು ಹಿಡಿದು, ಆ ಕಡೆಯವರು ಕನ್ನಡಕ್ಕೆ ಬಂದರು. ಅಫಜಲಪುರದ ಕಡೆಯವರು. "ಅಣ್ಣಾರ, ಊರಿಗಿ ರೊಕ್ಕ ಕಳಸೂದಿತ್ರಿ. ಯಾರ್ ತಪ್ಪರೆ ಇರ್ಲಿ, ಯಾವಾಗ ಬರ್ತದ ಅಷ್ಟ ಹೇಳ್ರಿ" ಅಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನದ ಸಭೆಯಲ್ಲಿ ಎಲ್ಲರ ಕಣ್ಣೂ ಆ ಹೊಸ ಹುಡುಗಿಯ ಮೇಲೆ. ತಪ್ಪು ಅವಳದಲ್ಲ, ನನ್ನ ಬಾಟಿನದು ಎಂದು ತೋರಿಸಲು ಅರ್ಧ ಗಂಟೆ ಹಿಡಿಯಿತು. ಹೊಸ ಸಂದೇಶ ಬಂದಾಗ ಕೇಳಿಸಿಕೊಳ್ಳಲು ನಾನು ಅದಕ್ಕೆ ಹೇಳಿಕೊಟ್ಟಿದ್ದೆ. ಹಳೆಯ ಸಂದೇಶ ತಿದ್ದಿದಾಗ ಕೇಳಿಸಿಕೊಳ್ಳಲು ಹೇಳಿಕೊಟ್ಟಿರಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಬಾಟ್ ಎಂದರೇನು ಎಂದು ವಿವರಿಸುವುದೇ ಕಷ್ಟವಾಯಿತು. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು: "ಬರದದ್ದನ್ನ ಮತ್ತ ಓದಿ ಹೇಳಿದ್ರೇನು?"

ಅಪ್ಪ ಗದಗ ತಾಲೂಕಿನ ಒಂದು ಹಳ್ಳಿಯ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ಏಷ್ಯಾದ ಮೊದಲ ಸಹಕಾರಿ ಸಂಘ ಎಂದು ಹೆಸರಾದ, 1905ರಲ್ಲಿ ಹುಟ್ಟಿದ ಕಣಗಿನಹಾಳ ಸಂಘ ಅದೇ ಸೀಮೆಯದು. ಅಲ್ಲಿಯವರಿಗೆ ಸಂಘದ ಪುಸ್ತಕಗಳೆಂದರೆ ದೇವರ ಪಟದ ಹಾಗೆ. ಅಪ್ಪನ ನಡಾವಳಿ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ: ಕೆಂಪು ರಟ್ಟು, ಪುಟಕ್ಕೊಂದು ಸಂಖ್ಯೆ, ಎಲ್ಲೂ ಖಾಲಿ ಸಾಲು ಇರಬಾರದು. ಪ್ರತಿ ಸಭೆಯ ಮೊದಲ ವಿಷಯ ಒಂದೇ: ಹಿಂದಿನ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸುವುದು. ಅಪ್ಪ ಗಟ್ಟಿಯಾಗಿ ಓದುತ್ತಿದ್ದರು. ಯಾರಾದರೂ ಎದ್ದು "ನಾವ್ ಹಂಗ ಅಂದಿದ್ದಿಲ್ಲ" ಎಂದರೆ ಅಲ್ಲೇ ತಿದ್ದುಪಡಿ. ಆಮೇಲೆ ಅಧ್ಯಕ್ಷರ ಸಹಿ. ಅಲ್ಲಿಯವರೆಗೆ ಬರೆದದ್ದು ಬರೀ ಬರಹ. ಸಹಿ ಬಿದ್ದ ಮೇಲಷ್ಟೇ ದಾಖಲೆ. ನಮ್ಮ ಊರಾಚೆಯ ಕನ್ನಡ ಸಂಘಗಳಲ್ಲಿ ವಾರ್ಷಿಕ ಸಭೆಗೆ ಕೂತಿರುವ ನಿಮಗೂ ಈ ಮೊದಲ ಹತ್ತು ನಿಮಿಷಗಳ ಆಕಳಿಕೆ ಗೊತ್ತಿರಬೇಕು.

ಅಪ್ಪನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಮಾತನ್ನು ದಾಖಲೆಗೆ ತಾನಾಗಿ ದಾಟಿಸುವ ಯಂತ್ರಗಳನ್ನು ಮೊದಲು ಯಾರು ಮಾಡಿದರು, ಅವರು ಓದಿ ಹೇಳುವುದಕ್ಕೆ ಏನು ವ್ಯವಸ್ಥೆ ಮಾಡಿದ್ದರು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ. ಹೇಳುವ ಅನುಕೂಲಕ್ಕೆ ಇಂಥ ಯಾವುದೇ ಯಂತ್ರಕ್ಕೆ ನಾಲ್ಕು ಅಂಗ ಎಂದಿಟ್ಟುಕೊಳ್ಳೋಣ. ಮಾತು ಕೇಳಿಸಿಕೊಳ್ಳುವ ಕಿವಿ, ಎತ್ತಿಕೊಂಡು ಹೋಗುವ ಕೈ, ಇಡುವ ಕಪಾಟು, ಮತ್ತು ಇಟ್ಟದ್ದನ್ನು ಮಾತಾಡಿದವರಿಗೇ ಮರಳಿ ಓದಿ ಹೇಳುವ ಬಾಯಿ.

*

ಕಥೆ ನಾನಂದುಕೊಂಡದ್ದಕ್ಕಿಂತ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಒಂದು ಪ್ರಾತ್ಯಕ್ಷಿಕೆ ಕೊಟ್ಟರು. ಮೌಸ್, ಪಠ್ಯದೊಳಗಿನ ಲಿಂಕು, ದೂರದಲ್ಲಿರುವ ಇಬ್ಬರು ಒಂದೇ ಬರಹವನ್ನು ಪರದೆಯ ಮೇಲೆ ನೋಡುತ್ತಾ ಮಾತಾಡುವುದು, ಎಲ್ಲವನ್ನೂ ಒಟ್ಟಿಗೆ ಜನ ಅಂದು ಕಂಡರು. ಮೌಸಿನ ವಿಷಯ ಎಲ್ಲರಿಗೂ ಗೊತ್ತು. ಅವರ ತಂಡ ಅದಾದ ಮೇಲೆ, 1970ರ ಹೊತ್ತಿಗೆ ಕಟ್ಟಿಕೊಂಡ 'ಜರ್ನಲ್' ಎಂಬ ವ್ಯವಸ್ಥೆಯ ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ತಂಡದವರು ಒಬ್ಬರಿಗೊಬ್ಬರು ಬರೆದ ಟಿಪ್ಪಣಿಯನ್ನು ಜರ್ನಲ್‌ಗೆ ಸಲ್ಲಿಸಿದರೆ ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತಿತ್ತು. ಅಲ್ಲಿಂದಾಚೆ ಅದನ್ನು ಬದಲಾಯಿಸುವಂತಿಲ್ಲ. ತಪ್ಪಾಗಿದ್ದರೆ ಇನ್ನೊಂದು ಟಿಪ್ಪಣಿ ಬರೆದು, ಹಳೆಯದರ ಸಂಖ್ಯೆ ತೋರಿಸಬೇಕು. ಅಪ್ಪನ ನಡಾವಳಿ ಪುಸ್ತಕಕ್ಕೂ ಇದೇ ನಿಯಮ. ಹೊಡೆದುಹಾಕಿದ ಸಾಲು ಕಾಣಬೇಕು, ಪುಟ ಹರಿಯಬಾರದು.

ಇನ್ನೊಂದು ಕಥೆ 1971ರದು. ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ದೇಶದ ಸಂಬಳ ಮತ್ತು ಬೆಲೆಗಳನ್ನೆಲ್ಲ 90 ದಿನ ಇದ್ದಲ್ಲೇ ನಿಲ್ಲಿಸಿದರು. ಯಾವ ಸಂಬಳ ಏರಿಸಬಹುದು, ಯಾವುದು ಕೂಡದು ಎಂಬ ಪ್ರಶ್ನೆಗಳು ಪ್ರಾದೇಶಿಕ ಕಚೇರಿಗಳಿಗೆ ಮುತ್ತಿಗೆ ಹಾಕಿದವು. ಒಂದೂರಿನಲ್ಲಿ ಒಂದು ಉತ್ತರ, ಇನ್ನೊಂದೂರಿನಲ್ಲಿ ಇನ್ನೊಂದು ಆಗಬಾರದಲ್ಲ. ಅದಕ್ಕಾಗಿ ಮರ್ರೆ ಟ್ಯೂರಾಫ್ ಎಂಬವರು ಎಮಿಸಾರಿ ಎಂಬ ವ್ಯವಸ್ಥೆ ಕಟ್ಟಿದರು. ಟೆಲಿಫೋನ್ ತಂತಿಗೆ ಜೋಡಿಸಿದ ಟೆಲಿಟೈಪ್ ಯಂತ್ರಗಳ ಮೂಲಕ ಕಚೇರಿಗಳೆಲ್ಲ ಒಂದೇ ಮಾಹಿತಿಯನ್ನು ನೋಡಬಹುದಿತ್ತು. ಅದರೊಳಗೇ 'ಪಾರ್ಟಿ ಲೈನ್' ಎಂಬ ಸೌಲಭ್ಯ: ಹಲವರು ಒಂದೇ ಹೊತ್ತಿಗೆ ಟೈಪು ಮಾಡಿ ಮಾತಾಡಬಹುದು, ಯಾರು ಬಂದರು ಯಾರು ಹೋದರು ಎಂದು ಅದು ಹೇಳುತ್ತದೆ. ಇಂದಿನ ಗುಂಪು ಚಾಟಿನ ಮುತ್ತಜ್ಜ ಅದು. ಗಮನಿಸಿ, ಚಾಟ್ ಹುಟ್ಟಿದ್ದು ಹರಟೆಗಲ್ಲ. ದಾಖಲೆಯ ಮನೆಯೊಳಗಿನ ಒಂದು ಕೋಣೆಯಾಗಿ, ಅದೂ ಸಂಬಳದ ನಿಯಮ ಎಲ್ಲ ಕಡೆ ಒಂದೇ ಇರಲಿ ಎಂದು. ಒಂಬತ್ತು ದಿನದ ನನ್ನ ತಪ್ಪಿನ ನಂತರ ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆಮೇಲೆ ಎರಡೂ ಬೇರೆಯಾದವು. 1988ರ ಆಗಸ್ಟಿನಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ ಬರೆದರು. ಅದರಲ್ಲಿ ಕಪಾಟೇ ಇರಲಿಲ್ಲ. ಮಾತಾಡಿದ್ದು ಆ ಹೊತ್ತಿಗೆ ಇದ್ದವರಿಗೆ ಕಾಣುತ್ತದೆ, ಆಮೇಲೆ ಬಂದವರಿಗೆ ಏನೂ ಇಲ್ಲ, ನಮ್ಮೂರ ಕಟ್ಟೆಯ ಹಾಗೆ. ಬೇಕಾದವರು ತಮ್ಮ ಕಂಪ್ಯೂಟರಿನಲ್ಲಿ ಲಾಗ್ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡವರಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ ಅಲ್ಲಿನ ಸುದ್ದಿಯನ್ನು ಐಆರ್‌ಸಿಯಲ್ಲಿ ಹೇಳಿದವರ ಮಾತುಗಳು ಲಾಗುಗಳಾಗಿ ಉಳಿದು, ಇವತ್ತು ಚರಿತ್ರೆಯ ಆಕರಗಳಾಗಿವೆ. ಆದರೆ ಲಾಗ್ ಎಂದರೆ ಎಲ್ಲವೂ. ಜೊಳ್ಳೂ ಅದೇ, ಕಾಳೂ ಅದೇ.

ಇನ್ನೊಂದು ದಿಕ್ಕಿನಿಂದ ಕಪಾಟು ಬಂತು. 1995ರ ಮಾರ್ಚ್ 25ರಂದು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಯಾರು ಬೇಕಾದರೂ ತಿದ್ದಬಹುದಾದ ಒಂದು ಜಾಲತಾಣ ತೆರೆದು ಅದಕ್ಕೆ 'ವಿಕಿವಿಕಿವೆಬ್' ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಅವರು ಅದನ್ನು ಎತ್ತಿಕೊಂಡಿದ್ದರು. ಯಾರು ಬೇಕಾದರೂ ತಿದ್ದಬಹುದಾದರೆ ಹಾಳಾಗುವುದಿಲ್ಲವೇ? ಅದಕ್ಕೆ ಅವರ ಉತ್ತರ 'ಇತ್ತೀಚಿನ ಬದಲಾವಣೆಗಳು' ಎಂಬ ಪುಟ. ಯಾರು ಎಲ್ಲಿ ಏನು ಮುಟ್ಟಿದರೂ ಅಲ್ಲಿ ಒಂದು ಸಾಲು ಬೀಳುತ್ತದೆ. ಬಂದವರು ಮೊದಲು ಅದನ್ನೇ ಓದುತ್ತಾರೆ. ಇದೇ ಬಾಯಿ. 2001ರಲ್ಲಿ ಹುಟ್ಟಿದ ವಿಕಿಪೀಡಿಯ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಪ್ರತಿ ತಿದ್ದುಪಡಿಯ ಸುದ್ದಿಯನ್ನು ಐಆರ್‌ಸಿ ಚಾನೆಲ್ಲಿನಲ್ಲಿ ಹೇಳುವ ಬಾಟುಗಳನ್ನು ಇಟ್ಟಿತು. ಕಿಡಿಗೇಡಿ ತಿದ್ದುಪಡಿಗಳನ್ನು ಕಾಯುವ ಸ್ವಯಂಸೇವಕರು ಆ ಚಾನೆಲ್ ನೋಡುತ್ತಾ ಕೂರುತ್ತಿದ್ದರು. ನಾನು ಬಾಟ್ ಕಟ್ಟುವಾಗ ಚಾಟಿನಿಂದ ದಾಖಲೆಗೆ ಹೋಗುವ ದಾರಿಯನ್ನಷ್ಟೇ ಯೋಚಿಸಿದ್ದೆ. ಇವರು ದಾಖಲೆಯಿಂದ ಚಾಟಿಗೆ ಬರುವ ದಾರಿಯನ್ನು ಮೊದಲೇ ಹಾಕಿದ್ದರು.

ಎರಡು ದಾರಿಯನ್ನೂ ಚೆನ್ನಾಗಿ ಜೋಡಿಸಿದವರು ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯವರು. ಬೇರೆ ಬೇರೆ ದೇಶದವರು ಫೋನಿನಲ್ಲಿ ಸಭೆ ಸೇರುತ್ತಿದ್ದರು. ಜೊತೆಗೆ ಐಆರ್‌ಸಿ ಚಾನೆಲ್ ತೆರೆದಿರುತ್ತಿತ್ತು. ಸಭೆಗೊಬ್ಬ ಲಿಪಿಕಾರ. ಮಾತಾಡಿದ್ದನ್ನು ಅವರು ಅಲ್ಲೇ, ಎಲ್ಲರ ಕಣ್ಣೆದುರು, ಟೈಪು ಮಾಡುತ್ತಾ ಹೋಗುತ್ತಾರೆ. ಝಾಕಿಮ್ ಎಂಬ ಬಾಟು ಯಾರ ಸರದಿ ಎಂದು ನೋಡಿಕೊಳ್ಳುತ್ತದೆ. ಆರ್‌ಆರ್‌ಎಸ್ ಏಜೆಂಟ್ ಎಂಬ ಇನ್ನೊಂದು ಬಾಟು ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಕೇಳಿದಾಗ ನಡಾವಳಿಯ ಪುಟವನ್ನು ತಯಾರಿಸಿ ಕೊಡುತ್ತದೆ. ಯಾರು ಏನು ಮಾಡಬೇಕು ಎಂಬ ಸಾಲುಗಳಿಗೆ ಮೊದಲೇ ಗೊತ್ತುಮಾಡಿದ ಗುರುತು ಇರುವುದರಿಂದ ಅವು ಬೇರೆಯಾಗಿ ಎದ್ದು ಕಾಣುತ್ತವೆ.

ನನಗೆ ಇಷ್ಟವಾದದ್ದು ತಪ್ಪು ತಿದ್ದುವ ರೀತಿ. ಐಆರ್‌ಸಿಯಲ್ಲಿ ಒಮ್ಮೆ ಹೇಳಿದ್ದನ್ನು ತಿದ್ದಲು ಬರುವುದಿಲ್ಲ. ಲಿಪಿಕಾರ ತಪ್ಪು ಬರೆದರೆ ಸಭೆಯಲ್ಲಿದ್ದ ಯಾರಾದರೂ ಒಂದು ಎಸ್ ಅಕ್ಷರ, ಓರೆಗೆರೆ, ತಪ್ಪು ಪದ, ಓರೆಗೆರೆ, ಸರಿ ಪದ ಎಂದು ಚಾನೆಲ್ಲಿನಲ್ಲೇ ಟೈಪು ಮಾಡುತ್ತಾರೆ. ನಡಾವಳಿ ತಯಾರಿಸುವ ಪ್ರೋಗ್ರಾಮು ಅದನ್ನು ಅರ್ಥಮಾಡಿಕೊಂಡು ಪುಟದಲ್ಲಿ ತಿದ್ದುತ್ತದೆ. ಅಂದರೆ ತಿದ್ದುಪಡಿಯೂ ಒಂದು ಮಾತು. ಅದನ್ನೂ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಬಾಟೂ ಕೇಳಿಸಿಕೊಳ್ಳುತ್ತದೆ.

2009ರ ಸುಮಾರಿಗೆ ಡೆಬಿಯನ್ ಬಳಗದಿಂದ ಬಂದ ಮೀಟ್‌ಬಾಟ್ ಇದನ್ನೇ ಮುಕ್ತ ತಂತ್ರಾಂಶದ ತಂಡಗಳಿಗೆಲ್ಲ ಹಂಚಿತು. ಸಭೆ ಶುರು ಎಂದರೆ ಒಂದು ಆದೇಶ, ಒಪ್ಪಿಗೆಯಾಯಿತು ಎಂದರೆ ಇನ್ನೊಂದು, ಇಂಥವರು ಇಂಥ ಕೆಲಸ ಮಾಡಬೇಕು ಎಂದರೆ ಮತ್ತೊಂದು. ತಪ್ಪಿದರೆ 'ಅನ್‌ಡೂ'. ಸಭೆ ಮುಗಿಯಿತು ಎನ್ನುತ್ತಲೇ ಸಾರಾಂಶ ಮತ್ತು ಪೂರ್ತಿ ಲಾಗ್ ಎರಡೂ ಜಾಲದಲ್ಲಿ ಸಿದ್ಧ. ಯಾವುದು ನಿರ್ಣಯ ಎಂದು ಬಾಟು ತೀರ್ಮಾನಿಸುತ್ತಿರಲಿಲ್ಲ. ಅಧ್ಯಕ್ಷತೆ ವಹಿಸಿದವರು ಎಲ್ಲರೆದುರು 'ಒಪ್ಪಿಗೆಯಾಯಿತು' ಎಂದು ಬರೆಯಬೇಕಿತ್ತು. ಒಪ್ಪದವರಿಗೆ ಬಾಯಿ ಬಿಡಲು ಅದೇ ಹೊತ್ತು.

ಇಂಟರ್ನೆಟ್ಟಿನ ನಿಯಮಗಳನ್ನು ಮಾಡುವ ಐಇಟಿಎಫ್ ಇನ್ನೂ ಕಟ್ಟುನಿಟ್ಟು. 1998ರಲ್ಲಿ ಬರೆದಿಟ್ಟ ಅವರ ಕಾರ್ಯವಿಧಾನದ ಪ್ರಕಾರ, ಎದುರುಬದುರು ಕೂತ ಸಭೆಯಲ್ಲಿ ಒಮ್ಮತಕ್ಕೆ ಬಂದದ್ದನ್ನು ಮತ್ತೆ ಮಿಂಚಂಚೆ ಬಳಗದ ಮುಂದಿಟ್ಟು ನೋಡಬೇಕು. ಸಭೆಗೆ ಬರಲಾಗದವರೂ ಇದ್ದಾರಲ್ಲ. ಓದಿ ಹೇಳುವುದು ಎಂದರೆ ಇದೇ.

*

ಇಷ್ಟೆಲ್ಲ ಇದ್ದದ್ದು ಎಲ್ಲಿ ಹೋಯಿತು? ಅದಕ್ಕೆ ಉತ್ತರ 2007ರಿಂದ ಶುರುವಾಗುತ್ತದೆ. ಆ ವರ್ಷ ಜೆಫ್ ಲಿಂಡ್ಸೆ 'ವೆಬ್‌ಹುಕ್' ಎಂಬ ಹೆಸರು ಚಲಾವಣೆಗೆ ತಂದರು. ಉಪಾಯ ಸರಳ. ನಿಮ್ಮಲ್ಲಿ ಏನಾದರೂ ನಡೆದರೆ ನನ್ನ ಈ ವಿಳಾಸಕ್ಕೆ ಒಂದು ಚೀಟಿ ಕಳಿಸಿ, ನಾನು ಮಾಡಬೇಕಾದ್ದನ್ನು ಮಾಡಿಕೊಳ್ಳುತ್ತೇನೆ. ಒಂದು ತಂತ್ರಾಂಶ ಇನ್ನೊಂದರ ಬಾಗಿಲು ಬಡಿದು 'ಏನಾದರೂ ಹೊಸದಿದೆಯೇ' ಎಂದು ಮತ್ತೆ ಮತ್ತೆ ಕೇಳುವ ಗೋಳು ತಪ್ಪಿತು. ಕಿವಿ ಮತ್ತು ಕೈ ಎರಡೂ ಅಗ್ಗವಾದವು. 2011ರಲ್ಲಿ ಝೇಪಿಯರ್ ಶುರುವಾಯಿತು. 'ಹೀಗಾದರೆ ಹಾಗೆ ಮಾಡು' ಎಂಬುದನ್ನೇ ಹೆಸರಾಗಿಸಿಕೊಂಡ ಐಎಫ್‌ಟಿಟಿಟಿಯೂ ಅದೇ ಹೊತ್ತಿಗೆ ಜನರ ಕೈಗೆ ಬಂತು. ಪ್ರೋಗ್ರಾಮಿಂಗ್ ಬಾರದವರೂ ಎರಡು ಸಲಕರಣೆಗಳನ್ನು ಹೊಲಿಯಬಹುದಾಯಿತು. ಅದೇ ವರ್ಷ ಗಿಟ್‌ಹಬ್ ತನ್ನ ಚಾಟ್ ಬಾಟ್ ಹ್ಯೂಬಾಟನ್ನು ಮುಕ್ತವಾಗಿ ಬಿಟ್ಟಿತು. ಸರ್ವರುಗಳಿಗೆ ಕೊಡುವ ಆದೇಶವನ್ನೂ ಚಾಟಿನಲ್ಲೇ, ಎಲ್ಲರೆದುರು ಕೊಡುವ ಪದ್ಧತಿ ಅದರಿಂದ ಬೆಳೆಯಿತು. ಹೊಸಬರು ಪಕ್ಕದಲ್ಲಿ ನಿಂತು ನೋಡಿ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಆಮೇಲೆ ಬಂದದ್ದು ಸ್ಲ್ಯಾಕ್. ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರು ಕಟ್ಟುತ್ತಿದ್ದದ್ದು 'ಗ್ಲಿಚ್' ಎಂಬ ಆಟ. ಬೇರೆ ಬೇರೆ ಊರುಗಳಲ್ಲಿದ್ದ ಅವರು ಮಾತಿಗೆ ಐಆರ್‌ಸಿ ಬಳಸುತ್ತಿದ್ದರು. ಅದಕ್ಕೆ ಕಪಾಟಿಲ್ಲವೆಂದು ಮಾತುಗಳನ್ನೆಲ್ಲ ಕೂಡಿಟ್ಟು ಹುಡುಕುವ ವ್ಯವಸ್ಥೆಯನ್ನು ತಾವೇ ಸೇರಿಸಿಕೊಂಡರು. 2012ರ ಡಿಸೆಂಬರಿನಲ್ಲಿ ಆಟ ಮುಚ್ಚಿತು. ಕೈಯಲ್ಲಿ ಉಳಿದದ್ದು ಈ ಪಕ್ಕದ ಸಲಕರಣೆ. 2013ರ ಆಗಸ್ಟಿನಲ್ಲಿ ಅದನ್ನು ಹೊರಗೆ ತೋರಿಸಿ, 2014ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದರು. ಸ್ಲ್ಯಾಕ್ ಎಂಬ ಹೆಸರಿನ ಅಕ್ಷರಗಳನ್ನು ಬಿಡಿಸಿದರೆ 'ಎಲ್ಲ ಮಾತುಕತೆ ಮತ್ತು ತಿಳಿವಿನ ಹುಡುಕಬಲ್ಲ ಲಾಗ್' ಎಂಬ ಅರ್ಥ ಬರುತ್ತದೆ. ಹೆಸರಿನಲ್ಲೇ ಒಂದು ಆಶ್ವಾಸನೆ: ಬರೆದಿಡುವ ಶ್ರಮ ಬೇಡ, ಮಾತಾಡಿ ಸಾಕು, ಆಮೇಲೆ ಹುಡುಕಿಕೊಳ್ಳಬಹುದು.

ಈ ಆಶ್ವಾಸನೆಯ ಜೊತೆ ಎರಡು ಬದಲಾವಣೆ ಸದ್ದಿಲ್ಲದೆ ಬಂದವು. ಮೊದಲನೆಯದು, ಸಭೆ ಎಂಬುದೇ ಕರಗಿತು. ಐಆರ್‌ಸಿ ಸಭೆಗೆ ಆರಂಭ ಇತ್ತು, ಕೊನೆ ಇತ್ತು, ಮುಂದಿನ ಸಭೆ ಇತ್ತು. ಈಗಿನ ಚಾನೆಲ್ ಎಂದೂ ಮುಗಿಯದ ಸಭೆ. ಮುಗಿಯದ ಸಭೆಗೆ ಮುಂದಿನ ಸಭೆ ಎಲ್ಲಿಂದ ಬರಬೇಕು? ಹಿಂದಿನದನ್ನು ಓದಿ ಅಂಗೀಕರಿಸುವ ಹೊತ್ತು ಯಾವುದು? ಎರಡನೆಯದು, ಹೇಳಿದ್ದನ್ನು ಹೇಳಿದ ಜಾಗದಲ್ಲೇ ತಿದ್ದುವ ಅನುಕೂಲ. ಸಂದೇಶದ ಪಕ್ಕ 'ತಿದ್ದಲಾಗಿದೆ' ಎಂಬ ಸಣ್ಣ ಅಕ್ಷರ ಬಿಟ್ಟರೆ ಬೇರೆ ಸುಳಿವಿಲ್ಲ. ತಂತ್ರಾಂಶದ ಒಳಗೆ ನೋಡಿದರೆ ಹೊಸ ಸಂದೇಶ ಒಂದು ಬಗೆಯ ಚೀಟಿ, ತಿದ್ದಿದ ಸಂದೇಶ ಇನ್ನೊಂದು ಬಗೆಯದು, ಅಳಿಸಿದ್ದು ಮತ್ತೊಂದು. ಮೊದಲನೆಯದನ್ನಷ್ಟೇ ಕೇಳಿಸಿಕೊಳ್ಳುವ ಬಾಟ್ ಕಟ್ಟುವುದು ಬಹಳ ಸುಲಭ. ನಾನು ಕಟ್ಟಿದ್ದೂ ಅದನ್ನೇ.

ಇಲ್ಲಿ ನಮ್ಮ ಭಾಷೆಯ ಒಂದು ಪದ ನೆನಪಿಗೆ ಬರುತ್ತದೆ. ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತ ಎಂದರೆ ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರು ಸೀಮೆಯ ಲೆಕ್ಕಪತ್ರಗಳು ಇದರಲ್ಲಿ ಇರುತ್ತಿದ್ದುದನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ವಿವರಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಕಡತದ ವಿಶೇಷವೆಂದರೆ ಅಳಿಸಿ ಮತ್ತೆ ಬರೆಯಬಹುದು. ಶಾಸನ ಹಾಗಲ್ಲ, ಕಲ್ಲಿನಲ್ಲಿ ಕೆತ್ತಿದ್ದು ಕೆತ್ತಿದ್ದೇ. ಐಆರ್‌ಸಿಯ ಮಾತು ಶಾಸನದಂತೆ ಇತ್ತು, ಇಂದಿನ ಚಾಟ್ ಕಡತದಂತೆ ಇದೆ. ಎರಡರಲ್ಲೂ ಕೆಡುಕಿಲ್ಲ. ಕಡತದಲ್ಲಿದ್ದುದನ್ನು ಬೆಳಿಗ್ಗೆ ಕಲ್ಲಿಗೆ ಕೆತ್ತಿಸಿ, ಮಧ್ಯಾಹ್ನ ಕಡತದಲ್ಲಿ ಅಳಿಸಿದರೆ ಮಾತ್ರ ಕಷ್ಟ. ನನ್ನ ಬಾಟ್ ಮಾಡಿದ್ದು ಅದು.

2019ರಲ್ಲಿ ಸ್ಲ್ಯಾಕ್ ತನ್ನೊಳಗೇ ವರ್ಕ್‌ಫ್ಲೋ ಬಿಲ್ಡರ್ ತಂದಿತು. ನಾಲ್ಕು ಗುಂಡಿ ಒತ್ತಿ ಯಾರು ಬೇಕಾದರೂ ಇಂಥ ಯಂತ್ರ ಕಟ್ಟಬಹುದಾಯಿತು. ಕಪಾಟಿನ ವಿಷಯದಲ್ಲಿ ಆದದ್ದು ಬೇರೆ. 2022ರ ಸೆಪ್ಟೆಂಬರಿನಿಂದ ಅದರ ಉಚಿತ ಆವೃತ್ತಿಯಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ. ದುಡ್ಡು ಕೊಡದೆ ಬಳಸುವ ನಮ್ಮಂಥ ಸಂಘ, ಪತ್ರಿಕೆ, ಓದುಗರ ಬಳಗಗಳು ಇದನ್ನು ಗಮನಿಸಬೇಕು. ರಾಜ್ಯೋತ್ಸವದ ಸಭಾಂಗಣದ ಬಾಡಿಗೆ ಎಷ್ಟು, ಯಾರೊಂದಿಗೆ ಏನು ಮಾತಾಗಿತ್ತು ಎಂಬುದು ಚಾಟಿನಲ್ಲಷ್ಟೇ ಇದ್ದರೆ ಮುಂದಿನ ನವೆಂಬರಿಗೆ ಅದು ಸಿಗದೆ ಹೋಗಬಹುದು.

ಈಗ ಸಾರಾಂಶ ಬರೆಯುವ ಕೃತಕ ಬುದ್ಧಿಮತ್ತೆ ಬಂದಿದೆ. ಮುನ್ನೂರು ಸಂದೇಶ ಓದಿ ಎಂಟು ಸಾಲಿನ ನಡಾವಳಿ ಕೊಡುತ್ತದೆ. ನಾನೂ ಬಳಸುತ್ತೇನೆ, ಕಿವಿ ಮತ್ತು ಕೈ ಇಷ್ಟು ಚುರುಕಾದದ್ದು ಇದೇ ಮೊದಲು. ನನಗೆ ಅಳುಕು ಬೇರೆ ಕಡೆ. ಹಳೆಯ ಲಾಗ್ ನೋಡಲು ಲಾಗಿನಂತೆಯೇ ಒರಟಾಗಿರುತ್ತಿತ್ತು. ಇದು ಯಾರೂ ಪರಿಶೀಲಿಸಿಲ್ಲ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಯಂತ್ರದ ಸಾರಾಂಶ ಅಧ್ಯಕ್ಷರ ಸಹಿ ಬಿದ್ದ ನಡಾವಳಿಯಷ್ಟು ನಯವಾಗಿರುತ್ತದೆ. 'ನಿಲ್ಲಿಸಬಹುದು' ಎಂದು ಯಾರೋ ಅಂದದ್ದು ಅದರಲ್ಲಿ 'ನಿಲ್ಲಿಸಲು ತೀರ್ಮಾನಿಸಲಾಯಿತು' ಎಂದಾಗಿಬಿಟ್ಟರೆ, ಓದುವ ಹೊಸಬರಿಗೆ ಅನುಮಾನವೇ ಬರುವುದಿಲ್ಲ.

*

ಬಾಟನ್ನು ನಾನು ಕಿತ್ತುಹಾಕಲಿಲ್ಲ. ತಿದ್ದುಪಡಿಯ ಚೀಟಿಯನ್ನೂ ಅಳಿಸಿದ ಚೀಟಿಯನ್ನೂ ಕೇಳಿಸಿಕೊಳ್ಳಲು ಕಲಿಸಿದೆ. ಅದು ಒಂದು ಮಧ್ಯಾಹ್ನದ ಕೆಲಸ. ಮಿಕ್ಕದ್ದಕ್ಕೆ ಅಪ್ಪನ ಪುಸ್ತಕ ನೋಡಿದೆ. ಪಿನ್ ಒತ್ತಿದ ಮಾತು ಈಗ ದಾಖಲೆಗೆ ಹೋದರೂ ತಲೆಯ ಮೇಲೆ 'ಕರಡು' ಎಂದು ಬರೆದುಕೊಂಡಿರುತ್ತದೆ. ಪ್ರತಿ ಸೋಮವಾರ ಹತ್ತೂವರೆಗೆ ಬಾಟ್ ಹಿಂದಿನ ವಾರದ ಕರಡುಗಳನ್ನೆಲ್ಲ ಚಾನೆಲ್ಲಿನಲ್ಲಿ ಓದಿ ಹೇಳುತ್ತದೆ. ಈ ನಿರ್ಣಯ ಯಾರ ಕೆಲಸವನ್ನು ಮುಟ್ಟುತ್ತದೋ ಅವರ ಹೆಸರು ಹಿಡಿದು ಕರೆಯುತ್ತದೆ. ಅವರು 'ಸರಿ' ಎಂದ ಮೇಲಷ್ಟೇ ಕರಡು ಎಂಬ ಮಾತು ಅಳಿಯುತ್ತದೆ. ಚಾಟಿನ ಮೂಲ ಸಂದೇಶವನ್ನು ಯಾರಾದರೂ ತಿದ್ದಿದರೆ ಪುಟ ಮತ್ತೆ ಕರಡಾಗುತ್ತದೆ. ಕರಡನ್ನು ನಂಬಿ ಏನನ್ನೂ ನಿಲ್ಲಿಸಕೂಡದು ಎಂಬುದು ಈಗ ನಮ್ಮ ತಂಡದ ನಿಯಮ.

ವಾರಕ್ಕೆ ಹತ್ತು ನಿಮಿಷ ದಂಡ ಎಂದು ಗೊಣಗಿದವರಿದ್ದಾರೆ. ಉಳಿತಾಯ ಮಾಡಲೆಂದೇ ಕಟ್ಟಿದ ಯಂತ್ರ ಮತ್ತೆ ಮನುಷ್ಯರ ಸಮಯ ಕೇಳಿದರೆ ಗೊಣಗುವುದು ಸಹಜವೇ. ಆ ಹತ್ತು ನಿಮಿಷವನ್ನೂ ಉಳಿಸಹೋದಾಗ ಅದರ ಬೆಲೆ ತೆತ್ತವರು ನಮ್ಮ ಚಾನೆಲ್ಲಿನಲ್ಲಿ ಇರಲೇ ಇಲ್ಲ, ಚಾಕಣದಲ್ಲಿದ್ದರು ಎಂದಷ್ಟೇ ನಾನು ಹೇಳಿದೆ.

ಹೊಸ ಪದ್ಧತಿಯ ಮೊದಲ ಸೋಮವಾರ ಬಾಟ್ ಏಳು ಕರಡು ಓದಿತು. ಆರಕ್ಕೆ ಬೇಗ ಬೇಗ 'ಸರಿ' ಬಿತ್ತು. ಏಳನೆಯದರ ಕೆಳಗೆ ಆ ಹುಡುಗಿ ಬರೆದಳು: "ಇದು ನಾವು ಮಾತಾಡಿಕೊಂಡದ್ದಲ್ಲ." ನೋಡಿದರೆ ಅವಳ ಮಾತು ನಿಜವಿತ್ತು.

ರಾತ್ರಿ ಅಪ್ಪನಿಗೆ ಹೇಳಿದೆ. "ಮತ್ತ? ತಿದ್ದಿದ್ರಿಲ್ಲೋ?" ಅಂದರು. ತಿದ್ದಿದೆವು ಅಂದೆ. "ಅಷ್ಟ ನೋಡು" ಎಂದು ಮಳೆಯ ಮಾತಿಗೆ ಹೋದರು.